ಇಲಿ ಪಾಷಾಣ ತಿಂದ ನಾಯಿಗೆ ರಕ್ತ ಪರೀಕ್ಷೆ ಯಾವಾಗ?

ಇಲಿಗಳಿಗೆಂದು ತೋಟದಲ್ಲಿಟ್ಟ ಬ್ರೋಮಡಿಯೋಲೋನ್ ಬಿಲ್ಲೆಯನ್ನು ನಾಯಿ ತಿಂದರೆ ಆ ದಿನ ಏನೂ ಕಾಣುವುದಿಲ್ಲ. ರೈತರು ಮೋಸಹೋಗುವುದು ಇಲ್ಲಿಯೇ. ಈ ವಿಷವು ದೇಹದಲ್ಲಿ ‘ಕೆ’ ಜೀವಸತ್ವದ ಮರುಬಳಕೆಯನ್ನು ತಡೆಯುವುದರಿಂದ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೊಸದಾಗಿ ತಯಾರಾಗವು. ಇದ್ದದ್ದು ತೀರಿದ ಮೇಲೆ, ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ, ಒಸಡು ಬಿಳಿಚಿಕೊಂಡು ಏದುಸಿರು ಬರುತ್ತದೆ. ಎದೆಗೂಡಿನೊಳಗೆ ರಕ್ತ ಸೋರಿದರೆ ಹೊರಗೆ ಒಂದು ಹನಿಯೂ ಕಾಣದು.

ತಿಂದದ್ದು ಕಂಡ ಕೂಡಲೇ ಪೊಟ್ಟಣ ಸಮೇತ ಪಶು ಆಸ್ಪತ್ರೆಗೆ ಒಯ್ಯಿರಿ. ವಾಂತಿ ಮಾಡಿಸಲು ಮೊದಲ ಕೆಲವು ಗಂಟೆ ಮಾತ್ರ ಅವಕಾಶ. ಹೆಪ್ಪುಗಟ್ಟುವ ಕಾಲವನ್ನು ಸೆಕೆಂಡುಗಳಲ್ಲಿ ಅಳೆಯುವ ‘ಪ್ರೋಥ್ರಾಂಬಿನ್ ಕಾಲ’ ಪರೀಕ್ಷೆ ಅಂದೇ ಮಾಡಿಸಿದರೆ ಸರಿಯಾಗಿಯೇ ಬರುತ್ತದೆ. ಅದನ್ನು ನಂಬಬೇಡಿ. 48ರಿಂದ 72 ಗಂಟೆಗಳ ನಂತರ ಮಾಡಿಸಿ. ರಕ್ತವನ್ನು ಸಿಟ್ರೇಟ್ ನಳಿಕೆಯಲ್ಲಿಯೇ, 9 ಪಾಲಿಗೆ 1 ಪಾಲು ಸಿಟ್ರೇಟ್ ಇರುವಂತೆ ತುಂಬಬೇಕು. ಅಳತೆ ತಪ್ಪಿದರೆ ಉತ್ತರವೂ ತಪ್ಪು. ಉಣುಗಿನಿಂದ ಬರುವ ಎರ್ಲಿಕಿಯಾ ರೋಗದಲ್ಲಿಯೂ ಮೂಗಿನಿಂದ ರಕ್ತ ಬರುವುದುಂಟು. ಆದ್ದರಿಂದ ಪ್ಲೇಟ್‌ಲೆಟ್ ಎಣಿಕೆಯನ್ನೂ ಕೇಳಿ.

ಮದ್ದು ‘ಕೆ1’. ‘ಕೆ3’ ಇದಕ್ಕೆ ಸಾಲದು. ನಮ್ಮ ಕಡೆಯ ರೈತರೊಬ್ಬರು ನಾಯಿ ಚೇತರಿಸಿತೆಂದು ವಾರಕ್ಕೇ ಗುಳಿಗೆ ನಿಲ್ಲಿಸಿದರು. ಒಳ್ಳೆಯ ಕಾವಲುನಾಯಿ, ಉಳಿಯಲಿಲ್ಲ. ಈ ವಿಷಕ್ಕೆ 3–4 ವಾರ ಮದ್ದು ಬೇಕಾಗುತ್ತದೆ. ಕೊನೆಯ ಗುಳಿಗೆ ಕೊಟ್ಟ 48ರಿಂದ 72 ಗಂಟೆಗಳಿಗೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸತಕ್ಕದ್ದು. ಕಾಲ ಹೆಚ್ಚಿದ್ದರೆ ಗುಳಿಗೆ ಮುಂದುವರಿಯಬೇಕು.