ಗಾಜಿನ ಪೆಟ್ಟಿಗೆಯ ಕಡಲಿಗೆ ಸ್ವಚ್ಛತಾ ಪಡೆ



ದಿಲ್ಲಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಕಡಲೆಂದರೆ ಬೇಸಿಗೆ ರಜೆಯ ಮಾತು. ಮಂಗಳೂರಿನಲ್ಲೋ ಕಾರವಾರದಲ್ಲೋ ಅಜ್ಜನ ಮನೆಗೆ ಹೋದಾಗ ನಾಲ್ಕು ದಿನ ಕಂಡದ್ದು, ಮರಳಿ ರೈಲು ಹತ್ತಿದರೆ ಮುಗಿಯಿತು. ಹಾಗಾಗಿ ದ್ವಾರಕಾದ ಅಥವಾ ನೋಯ್ಡಾದ ಫ್ಲಾಟಿನಲ್ಲೇ ಒಂದು ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಬಣ್ಣದ ಮೀನುಗಳ ವಿಚಾರ ಎಲ್ಲರೂ ಹೇಳುತ್ತಾರೆ. ನಾವಿಲ್ಲಿ ಹೇಳಹೊರಟಿರುವುದು ಅವುಗಳಿಗಿಂತ ಮೊದಲೇ ತೊಟ್ಟಿಗೆ ಬರುವ, ಯಾರೂ ಫೋಟೋ ತೆಗೆಯದ ಜೀವಿಗಳ ಬಗ್ಗೆ. ಪಾಚಿ ಮೇಯುವ ಬಸವನಹುಳು, ಚೂರುಪಾರು ಹೆಕ್ಕಿ ತಿನ್ನುವ ಏಡಿ, ಸೀಗಡಿ ಇವೇ ಆ ಸ್ವಚ್ಛತಾ ಪಡೆ.

ಈ ಉಪಾಯ ನಮಗೇನೂ ಹೊಸದಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲಿ ಎಂದು ಬಾವಿಗೆ ಮೀನು ಬಿಡುವ ಪದ್ಧತಿ ನಮ್ಮ ಊರುಗಳಲ್ಲಿದೆ. ಮನೆಯ ಹಿರಿಯರನ್ನು ಕೇಳಿ ನೋಡಿ. ಆದರೆ ಬಾವಿಯ ಮೀನಿಗೆ ತಿನ್ನಲು ಏನಾದರೂ ಸಿಗುತ್ತಲೇ ಇರುತ್ತದೆ. ನಿಮ್ಮ ಹೊಸ ತೊಟ್ಟಿಯಲ್ಲಿ ಏನಿದೆ? ಮೊದಲ ದಿನ ಏನೂ ಇಲ್ಲ! ಎಡವಟ್ಟು ಆಗುವುದೇ ಇಲ್ಲಿ. ಕಲ್ಲು, ಮರಳು, ಉಪ್ಪುನೀರು ತುಂಬಿಸಿದ ಮರುದಿನವೇ ಅಂಗಡಿಯವರು "ಇಪ್ಪತ್ತು ಬಸವನಹುಳು, ಹತ್ತು ಏಡಿ" ಎಂದು ಒಂದು ಪೊಟ್ಟಣ ಕಟ್ಟಿಕೊಡುತ್ತಾರೆ. ಅವು ಬಹುಪಾಲು ಉಪವಾಸದಿಂದ ಸಾಯುತ್ತವೆ. ಸತ್ತ ಹುಳು ಚಿಪ್ಪಿನೊಳಗೇ ಕೊಳೆತು ನೀರಿಗೆ ಅಮೋನಿಯ ಬಿಡುತ್ತದೆ, ಅದು ಉಳಿದವನ್ನೂ ಕೊಲ್ಲುತ್ತದೆ. ಶುಚಿ ಮಾಡಲು ತಂದವೇ ಕೊಳೆಯಾದವು.

ಆದ್ದರಿಂದ ಮೊದಲು ಕಾಯಿರಿ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಕಲ್ಲು ಮತ್ತು ಮರಳಿನಲ್ಲಿ ಮನೆ ಮಾಡಿ, ವಿಷವಾದ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರೀಕ್ಷೆಯ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ತೋರಿಸಬೇಕು. ಆಮೇಲೆ ಗಾಜಿನ ಮೇಲೆ ಕಂದು ಬಣ್ಣದ ಪುಡಿಯಂಥ ಪದರ ಕಾಣಿಸಿಕೊಳ್ಳುತ್ತದೆ, ಅದರ ಹಿಂದೆಯೇ ಹಸಿರು ಪಾಚಿ. ಅಮ್ಮ "ಇದೇನು ಹೊಲಸು!" ಎಂದು ಗದರುವ ದಿನವೇ ಬಸವನಹುಳು ತರಲು ಸರಿಯಾದ ದಿನ. ನೂರು ಲೀಟರಿನ ತೊಟ್ಟಿಗೆ ನಾಲ್ಕೈದು ಸಾಕು. ಪಾಚಿ ಅವನ್ನು ಮೀರಿ ಬೆಳೆದರೆ ಇನ್ನೆರಡು ತಂದರಾಯಿತು.

ಯಾವುದನ್ನು ಆರಿಸಬೇಕು? ಎಲ್ಲ ಬಸವನಹುಳುವೂ ಒಂದೇ ಕೆಲಸ ಮಾಡುವುದಿಲ್ಲ. ಸೆರಿತ್ ಎಂಬ ಉದ್ದ ಮೊನೆಯ ಹುಳು ಗಾಜಿನ ಮೇಲೂ ಮೇಯುತ್ತದೆ, ಮರಳನ್ನೂ ಕೆದಕುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ನಮ್ಮ ಅಭಿಪ್ರಾಯ. ಅಸ್ಟ್ರಿಯಾ ಪಾಚಿ ಮೇಯುವುದರಲ್ಲಿ ಗಟ್ಟಿಗ, ಆದರೆ ಮರಳಿನ ಮೇಲೆ ಬೆನ್ನಡಿಯಾಗಿ ಬಿದ್ದರೆ ತಾನಾಗಿ ಏಳಲಾರದು. ನೀವು ಶಾಲೆಗೋ ಆಫೀಸಿಗೋ ಹೋಗುವ ಮುನ್ನ ಎಬ್ಬಿಸಿ ನಿಲ್ಲಿಸಬೇಕು. ದೊಡ್ಡ ಟರ್ಬೋ ಒಂದೇ ವಾರದಲ್ಲಿ ಸಣ್ಣ ತೊಟ್ಟಿಯನ್ನೆಲ್ಲ ಬೋಳು ಮಾಡಿ ಆಮೇಲೆ ಹಸಿದು ಕೂರುತ್ತದೆ, ಸರಿಯಾಗಿ ಅಂಟಿಸದ ಕಲ್ಲನ್ನು ಉರುಳಿಸುವುದೂ ಉಂಟು. ನಸ್ಸಾರಿಯಸ್ ಎಂಬುದು ಪಾಚಿಯನ್ನು ಮುಟ್ಟುವುದೇ ಇಲ್ಲ, ಅದು ಮಾಂಸಾಹಾರಿ. ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು, ಪುಟ್ಟ ಸೊಂಡಿಲಿನಂಥ ನಳಿಕೆಯೊಂದನ್ನು ಮಾತ್ರ ಹೊರಗಿಟ್ಟಿರುತ್ತದೆ. ಮೀನಿಗೆ ಆಹಾರ ಹಾಕಿದ ಕೂಡಲೇ ವಾಸನೆ ಹಿಡಿದು ಮರಳು ಸೀಳಿಕೊಂಡು ಎದ್ದು ಬರುತ್ತದೆ. ನೋಡಲು ಬಲು ಮೋಜು! ಆದರೆ ಮೀನು ಬಂದ ಮೇಲಷ್ಟೇ ಇದಕ್ಕೆ ಕೆಲಸ.

ಖಾಲಿ ಶಂಖದಲ್ಲಿ ಬಾಡಿಗೆಗಿರುವ ಸನ್ಯಾಸಿ ಏಡಿಯನ್ನು ನೀವು ಮಲ್ಪೆ ಕಡಲತೀರದಲ್ಲಿ ಕಂಡಿರಬಹುದು. ಹೆಸರಿಗೆ ಸನ್ಯಾಸಿ, ಮನೆ ಬದಲಿಸುವ ಆಸೆ ಮಾತ್ರ ಸಂಸಾರಿಯದು. ಮೈ ಬೆಳೆದಂತೆ ದೊಡ್ಡ ಚಿಪ್ಪು ಬೇಕು, ಸಿಗದಿದ್ದರೆ ಬಸವನಹುಳುವನ್ನೇ ಕೊಂದು ಅದರ ಮನೆ ಹಿಡಿಯುತ್ತದೆ. ತರುವುದಾದರೆ ಒಂದೆರಡೇ ತನ್ನಿ, ಜತೆಗೆ ಬೇರೆ ಬೇರೆ ಅಳತೆಯ ನಾಲ್ಕಾರು ಖಾಲಿ ಚಿಪ್ಪು ಹಾಕಿಡಿ. ಇನ್ನು "ಕ್ಲೀನರ್ ಶ್ರಿಂಪ್" ಎಂದು ಮಾರುವ ಕೆಂಪು-ಬಿಳಿ ಪಟ್ಟೆಯ ಸೀಗಡಿಯ ಹೆಸರು ಕೇಳಿ ಮೋಸಹೋಗಬೇಡಿ. ಅದು ಸ್ವಚ್ಛಗೊಳಿಸುವುದು ಮೀನಿನ ಮೈಯನ್ನು, ನಿಮ್ಮ ಗಾಜನ್ನಲ್ಲ.

ಇಷ್ಟು ವಿದೇಶಿ ಪುಸ್ತಕಗಳಲ್ಲೂ ಸಿಕ್ಕೀತು. ಅಲ್ಲಿ ಸಿಗದ ಮಾತೊಂದಿದೆ. ಅಮೆರಿಕದ ಪುಸ್ತಕ ಓದಿ ಪಟ್ಟಿ ಮಾಡಿಕೊಂಡು ಹೋದರೆ ನಮ್ಮ ದೇಶದಲ್ಲಿ ಕಾನೂನು ಮುರಿದಂತಾಗಬಹುದು! ಮರಳು ಶುಚಿ ಮಾಡುತ್ತದೆಂದು ಅವರು ಹೊಗಳುವ ಸಮುದ್ರ ಸೌತೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿತು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಬಂಡೆ ಕಟ್ಟುವ ಎಲ್ಲ ಹವಳಗಳೂ ಅದೇ ವರ್ಷ ಅದೇ ಅನುಸೂಚಿಗೆ ಬಂದವು. ಹವಳದ ಒಣಗಿದ ತುಂಡನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಹಾಗಾಗಿ ತೊಟ್ಟಿಯ ಬಂಡೆ ಕೈಯಿಂದ ಮಾಡಿದ ಸಿರಾಮಿಕ್ ಕಲ್ಲಾಗಿರಲಿ. ಟ್ರೋಕಸ್ ಬಸವನಹುಳು ಬಿದ್ದರೆ ತಾನೇ ಏಳಬಲ್ಲ ಜಾಣ ಪ್ರಾಣಿ, ಆದರೆ ಅಂಡಮಾನಿನ ಕಡಲಲ್ಲಿರುವ ಅದರ ದೊಡ್ಡ ಜಾತಿಯೂ 2001ರಲ್ಲೇ ಕಾಯ್ದೆಯ ಪಟ್ಟಿಗೆ ಸೇರಿದೆ. ಇದು ಯಾವ ಜಾತಿ, ಎಲ್ಲಿಂದ ಬಂತು, ಬಿಲ್ಲು ಕೊಡುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ. "ಸಬ್ ಚಲ್ತಾ ಹೈ" ಎಂಬ ಉತ್ತರ ಬಂದರೆ ಕೈ ಮುಗಿದು ಹೊರಡಿ. ಈ ಹುಳುಗಳಲ್ಲಿ ಬಹುಪಾಲು ಸಾಕಿ ಬೆಳೆಸಿದವಲ್ಲ, ಕಡಲಿನಿಂದಲೇ ಹಿಡಿದು ತಂದವು ಎಂಬುದೂ ನೆನಪಿರಲಿ.

ದಿಲ್ಲಿಯ ಹವೆಯದೂ ಒಂದು ಪಾಠವಿದೆ. ಈ ಜೀವಿಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಮೇ ತಿಂಗಳ ಒಣ ಸೆಕೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನಮ್ಮ ಡೆಸರ್ಟ್ ಕೂಲರಿನಂತೆಯೇ ನೀರು ಆವಿಯಾಗಿ ತಂಪಾಗುತ್ತದೆ. ಆಗಸ್ಟಿನ ತೇವದಲ್ಲಿ ಕೂಲರ್ ಸೋಲುವಂತೆ ಅದೂ ಸೋಲುತ್ತದೆ, ಆಗ ಏ.ಸಿ. ಅಥವಾ ಚಿಲ್ಲರ್ ಬೇಕು. ಜನವರಿಗೆ ಹೀಟರ್. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಒಂದು ಲೀಟರಿಗೆ ಸುಮಾರು 35 ಗ್ರಾಂ ಇರಬೇಕಾದ ಉಪ್ಪು ಏರುತ್ತಾ ಹೋದರೆ ಮೊದಲು ಕುಸಿಯುವುದು ಬಸವನಹುಳುವೇ. ದಿನವೂ ಇಳಿದಷ್ಟು ಸಿಹಿನೀರು ತುಂಬಿಸಿ, ಉಪ್ಪುನೀರಲ್ಲ. ಗುಡಗಾಂವಿನ ಬೋರ್‌ವೆಲ್ ನೀರು ನಾಲಿಗೆಗೆ ಉಪ್ಪಾಗಿದ್ದರೂ ಕಡಲ ನೀರಲ್ಲ, ಅದನ್ನು ಹಾಕಲೇಬೇಡಿ. ಆರ್.ಓ. ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುವುದೇ ಸರಿ; ಅಡುಗೆಮನೆಯ ಯಂತ್ರ ಖನಿಜಗಳನ್ನು ಮತ್ತೆ ಸೇರಿಸುವಂಥದ್ದಾಗಿದ್ದರೆ ಅದೂ ಬೇಡ. ಮೀನಿನ ರೋಗಕ್ಕೆ ಮಾರುವ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಒಂದು ಹನಿಯೂ ಬಿಡಬಾರದು. ಮೀನಿಗೆ ಮದ್ದಾದದ್ದು ಹುಳು, ಏಡಿ, ಸೀಗಡಿಗೆ ವಿಷ.

ಅಂಗಡಿಯಿಂದ ತಂದ ದಿನ ಚೀಲ ಬಿಚ್ಚಿ ಸುರಿಯುವ ಆತುರ ಬೇಡ. ಅಗಲ ಪಾತ್ರೆಯಲ್ಲಿ ಚೀಲದ ನೀರಿನೊಂದಿಗೇ ಅವನ್ನಿಟ್ಟು, ತೆಳ್ಳನೆಯ ನಳಿಕೆಯಿಂದ ತೊಟ್ಟಿಯ ನೀರು ಹನಿಹನಿಯಾಗಿ ಒಂದು ಗಂಟೆ ಬೀಳಲಿ. ನಂತರ ಕೈಯಿಂದ ಎತ್ತಿ, ಬಾಯಿ ಕೆಳಗಾಗುವಂತೆ ಕಲ್ಲಿನ ಮೇಲೆ ಇಡಿ. ಒಂದು ದಿನ ಅಲುಗಾಡದೆ ಇದ್ದರೆ ಗಾಬರಿಯಿಲ್ಲ. ಎರಡನೆಯ ದಿನವೂ ಅಲ್ಲೇ ಇದ್ದರೆ ಎತ್ತಿ ಮೂಸಿ ನೋಡಿ. ಸತ್ತದ್ದರ ವಾಸನೆ ತಪ್ಪಿಸಿಕೊಳ್ಳುವಂಥದ್ದಲ್ಲ, ಕೂಡಲೇ ತೆಗೆದುಬಿಡಿ. ವಾಸನೆ ಇಲ್ಲದಿದ್ದರೆ ಮತ್ತೆ ಅಲ್ಲೇ ಇಟ್ಟು ರಾತ್ರಿ ದೀಪ ಆರಿಸಿದ ಮೇಲೆ ಟಾರ್ಚ್ ಹಿಡಿದು ನೋಡಿ, ಇವುಗಳಲ್ಲಿ ಹೆಚ್ಚಿನವು ಮೇಯಲು ಹೊರಡುವುದು ಕತ್ತಲಾದ ಮೇಲೆಯೇ.