ಒಂದು ಮೂಗು ಎಬ್ಬಿಸಿದ ಗಲಾಟೆ

ಸಿನಿಮಾವೊಂದರ ಮೂಗಿನ ಕಥೆ ಕೇಳಿ. ಬರ್ಲಿನ್‌ನಲ್ಲಿ ಜನ ಬೀದಿಗಿಳಿದದ್ದು ಇದಕ್ಕೇ!

ಡೇವಿಡ್ ಲೀನ್ 1948ರಲ್ಲಿ ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯನ್ನು ತೆರೆಗೆ ತಂದರು. ಬ್ರಿಟನ್ನಿನಲ್ಲಿ ಒಳ್ಳೇ ಮೆಚ್ಚುಗೆ. ಮಕ್ಕಳಿಗೆ ಜೇಬುಗಳ್ಳತನ ಕಲಿಸುವ ಯಹೂದಿ ಫ್ಯಾಗಿನ್ ಆಗಿ ಆಲೆಕ್ ಗಿನ್ನೆಸ್. ಆಗಿನ್ನೂ ಮೂವತ್ತರ ಆಸುಪಾಸಿನ ಹುಡುಗ, ಗುರುತೇ ಸಿಗಲ್ಲ. ಕಾದಂಬರಿಗೆ ಕ್ರೂಕ್‌ಶ್ಯಾಂಕ್ ಬರೆದಿದ್ದ ಹಳೇ ಚಿತ್ರಗಳನ್ನು ನೋಡಿಯೇ ಮೇಕಪ್ ಮಾಡಿದ್ದು. ಆ ಕೊಕ್ಕಿನಂಥ ಮೂಗೂ ಅಲ್ಲಿಂದಲೇ ಬಂತು.

ಆದರೆ ಕಾಲ ಯಾವುದು? ಹಿಟ್ಲರ್ ಸತ್ತು ನಾಲ್ಕು ವರ್ಷವೂ ಆಗಿರಲಿಲ್ಲ. ನಾಜಿ ಪೋಸ್ಟರುಗಳಲ್ಲಿ ಯಹೂದಿಗಳನ್ನು ಹಂಗಿಸಿದ್ದೂ ಇಂಥದ್ದೇ ಮೂಗಿನಿಂದ. 1949ರಲ್ಲಿ ಬರ್ಲಿನ್‌ನ ಯಹೂದಿಗಳು ಪ್ರದರ್ಶನ ನಿಲ್ಲಿಸಲು ಹೊರಟರು, ಪೊಲೀಸರೊಂದಿಗೆ ಘರ್ಷಣೆಯೇ ಆಯಿತು. ಅಮೆರಿಕದಲ್ಲಿ ಬಿಡುಗಡೆ 1951ಕ್ಕೆ ಹೋಯಿತು, ಅದೂ ಮೂಗು ಎದ್ದು ಕಾಣುವ ದೃಶ್ಯಗಳಿಗೆ ಕತ್ತರಿ ಬಿದ್ದ ಮೇಲೆ.

ಗಿನ್ನೆಸ್ ಅಭಿನಯ ಅದ್ಭುತ, ಎರಡು ಮಾತಿಲ್ಲ. ಆದರೂ ಕೋಪಗೊಂಡವರದ್ದು ಅತಿಯಾಯಿತು ಅಂತ ನನಗಂತೂ ಅನಿಸಲ್ಲ.

ಅಂದಹಾಗೆ, ಡಿಕನ್ಸನಿಗೂ ಈ ಬಿಸಿ ತಟ್ಟಿತ್ತು. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಪತ್ರ ಬರೆದು ತಕರಾರು ತೆಗೆದರು. 1867ರ ಆವೃತ್ತಿಯಲ್ಲಿ ಫ್ಯಾಗಿನ್‌ನನ್ನು ‘ಯಹೂದಿ’ ಎಂದು ಕರೆದಿದ್ದ ಎಷ್ಟೋ ಕಡೆ ಆ ಪದವನ್ನು ಡಿಕನ್ಸನೇ ಕಿತ್ತುಹಾಕಿದ.