ಹಿಮದ ನಡುವೆ ತೆರೆದ ಬಾಗಿಲು

ಸ್ವಿಟ್ಜರ್ಲೆಂಡಿನ ಪರ್ವತಪ್ರಿಯರು 1863ರಲ್ಲಿ ಆಲ್ಪೈನ್ ಕ್ಲಬ್ಬನ್ನು ಸ್ಥಾಪಿಸಿ, ಅದೇ ವರ್ಷ ಟ್ಯೋಡಿ ಪರ್ವತದ ಮಡಿಲಲ್ಲಿ ಮೊದಲ ತಂಗುಮನೆಯನ್ನು ಕಟ್ಟಿದರು. ಇಂದು ಅಂಥ ಮನೆಗಳು ಸುಮಾರು 150. ಊರೂರಿನ ಶಾಖೆಗಳೇ ಅವನ್ನು ನೋಡಿಕೊಳ್ಳುತ್ತವೆ. ಮೇಲ್ವಿಚಾರಕರಿಲ್ಲದ ಚಳಿಗಾಲದಲ್ಲಿಯೂ ಹಲವು ಮನೆಗಳಲ್ಲಿ ಒಂದು ಕೋಣೆ ತೆರೆದಿರುತ್ತದೆ. ಒಲೆಯುಂಟು, ಸೌದೆಯುಂಟು, ಕಂಬಳಿಯುಂಟು. ಬಂದವರ ಕುಲಗೋತ್ರಗಳನ್ನು ಕೇಳುವವರಿಲ್ಲ. ತಂಗಿದವರು ತಾವಾಗಿಯೇ ಬಾಡಿಗೆ ಸಲ್ಲಿಸಿ, ನೆಲ ಗುಡಿಸಿ ಹೊರಡಬೇಕು.

ಇಂಥ ಉದಾರಿಗಳೇ 1907ರಲ್ಲಿ ಸ್ತ್ರೀಯರಿಗೆ ಸದಸ್ಯತ್ವವನ್ನು ನಿರಾಕರಿಸಿದರೆಂದರೆ ನಂಬುವಿರಾ? ಸ್ತ್ರೀಯರು ಕೈಕಟ್ಟಿ ಕೂರಲಿಲ್ಲ. 1918ರಲ್ಲಿ ತಮ್ಮದೇ ಸಂಘವನ್ನು ಕಟ್ಟಿದರು. ಎರಡೂ ಒಂದಾದದ್ದು 1980ರಲ್ಲಿ.

ಒಂದೇ ಹಗ್ಗಕ್ಕೆ ಬಿಗಿದುಕೊಂಡು ಹಿಮನದಿಯನ್ನು ದಾಟುವಾಗ, ಜಾರಿದವರನ್ನು ಉಳಿಸುವುದು ಜೊತೆಯವರ ಕಾಲಿನ ಬಲ. ಆ ಕಾಲು ಗಂಡಿನದೋ ಹೆಣ್ಣಿನದೋ ಎಂದು ಪರ್ವತವು ಎಂದೂ ಕೇಳಿರಲಿಲ್ಲ. ಕ್ಲಬ್ಬು ಹಾಗೆ ಕೇಳುವುದನ್ನು ಬಿಡಲು 73 ವರ್ಷ ಬೇಕಾಯಿತು.